ಅವ್ವನ ಸೊಪ್ಪಿನ ತೋಟದಲ್ಲಿ ಹದಿಮೂರು ಡಿಗ್ರಿ

ಹೆಂಡತಿ ಫೋನ್ ಮಾಡಿ "ಎಲ್ಲಿದ್ದೀರಿ?" ಎಂದು ಕೇಳಿದರೆ ಲೋಕದ ಗಂಡಸರೆಲ್ಲ "ಇಲ್ಲೇ, ಮನೆ ಹತ್ರ ಬಂದ್ಬುಟ್ಟೆ" ಎಂದು ಒಂದು ಸುಳ್ಳು ಬಿಸಾಕುತ್ತಾರೆ. ನಮ್ಮ ಯಜಮಾನರಿಗೆ ಅಷ್ಟು ಯೋಗ್ಯತೆಯೂ ಇರಲಿಲ್ಲ. "ಮೈಕ್ ಕಿಲೋ ಎಯ್ಟ್ ಟೂ ಪಾಪಾ ರೋಮಿಯೋ" ಅನ್ನುತ್ತಿದ್ದರು. ಹಾಗಂದರೆ ರಾಮನಗರ. ರಾಮನಗರ ಅಂದರೆ ಒಂಬತ್ತು ಕಿಲೋಮೀಟರ್ ಅಗಲ, ನಾಲ್ಕೂವರೆ ಕಿಲೋಮೀಟರ್ ಉದ್ದದ ಒಂದು ಚೌಕ. ಆ ಚೌಕದೊಳಗೆ ನಮ್ಮ ಮನೆ ಬರುತ್ತದೆ, ರೇಷ್ಮೆ ಗೂಡಿನ ಮಾರ್ಕೆಟ್ ಬರುತ್ತದೆ, ರೈಲ್ವೆ ಸ್ಟೇಷನ್ ಬರುತ್ತದೆ, ಬ್ರಾಂದಿ ಅಂಗಡಿಗಳೂ ಬರುತ್ತವೆ. ಮನುಷ್ಯ ಇವುಗಳಲ್ಲಿ ಎಲ್ಲಿದ್ದಾನೆ ಅನ್ನುವುದು ತಾನೇ ನನಗೆ ಬೇಕಾದದ್ದು? "ನಿಮ್ಮ ರೋಮಿಯೋಗೆ ಒಂದಿಷ್ಟು ಬೆಂಕಿ ಹಾಕ, ಬರೋವಾಗ ಕೊತ್ತಂಬರಿ ಸೊಪ್ಪು ತತ್ತೀರೋ ಇಲ್ವೋ?" ಎಂದು ಕಿರುಚಿ ಫೋನ್ ಇಡುತ್ತಿದ್ದೆ.

ಇವರು ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರಲ್ಲಿ ಎಲೆಕ್ಟ್ರಿಷಿಯನ್. ಎರಡು ಸಾವಿರದ ಇಸವಿ ಆದಮೇಲಿನ ಕಾಲ ಅದು. ಬಿಡದಿ ಕಡೆ ಒಂದು ತಿಂಗಳು ಬಿಟ್ಟು ಹೋದರೆ ದಾರಿಯ ಗುರುತು ಸಿಗುತ್ತಿರಲಿಲ್ಲ. ರಾಗಿ ಹೊಲ ಇದ್ದ ಕಡೆ ಕಾಂಪೌಂಡು, ಹುಣಸೆಮರ ಇದ್ದ ಕಡೆ ಸೆಕ್ಯುರಿಟಿಯವನ ಗೂಡು. ಫ್ಯಾಕ್ಟರಿಯ ಸಂಬಳ ಮನೆಗೆ ಬರುತ್ತಿತ್ತು, ಓವರ್‌ಟೈಮ್ ದುಡ್ಡು ಹ್ಯಾಮ್ ರೇಡಿಯೋಗೆ ಹೋಗುತ್ತಿತ್ತು. ಹ್ಯಾಮ್ ಅಂದರೆ ಸರ್ಕಾರದಿಂದ ಲೈಸೆನ್ಸ್ ತೆಗೆದುಕೊಂಡು, ಸ್ವಂತ ರೇಡಿಯೋ ಇಟ್ಟುಕೊಂಡು, ಮುಖ ಪರಿಚಯ ಇಲ್ಲದವರ ಜೊತೆ ಗಾಳಿಯಲ್ಲಿ ಮಾತಾಡುವ ಹವ್ಯಾಸ. ಮಾತಾದರೂ ಏನು? ನಿನ್ನ ದನಿ ನನಗೆ ಕೇಳಿಸ್ತು, ನನ್ನ ದನಿ ನಿನಗೆ ಕೇಳಿಸ್ತಾ, ನೀನೆಲ್ಲಿದ್ದೀಯ, ನಾನಿಲ್ಲಿದ್ದೀನಿ, ಸರಿ, ನಮಸ್ಕಾರ. ಇಷ್ಟಕ್ಕೆ ನಾನು ಬಟ್ಟೆ ಒಣಗಿಸುವ ತಾರಸಿಯ ತುಂಬ ತಂತಿ, ಕೋಲು, ಅಲ್ಯೂಮಿನಿಯಂ ಪೈಪು. ಸೀರೆ ಹರವಲು ಹೋದವಳು ಎಷ್ಟು ಸಲ ಥಾಯ್ಲೆಂಡಿನ ಸಂಪರ್ಕ ಕಡಿದಿದ್ದೇನೋ ಲೆಕ್ಕವಿಲ್ಲ.

ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಸಾಬರ ಸಂಸಾರ. ಆ ಮನೆಯ ಅಮ್ಮ ಒಂದು ದಿನ ಕಾಂಪೌಂಡಿನ ಮೇಲೆ ಕತ್ತು ಚಾಚಿ, "ಬೇಟಿ, ಬೇಜಾರ್ ಮಾಡ್ಕೋಬೇಡ, ನಿನ್ ಗಂಡ ದಿನಾ ಕರೀತಾರಲ್ಲ ರೋಮಿಯೋ ರೋಮಿಯೋ ಅಂತ, ಅದ್ಯಾರಮ್ಮ?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನೋಡೇಬಿಡೋಣ ಎಂದು ಇವರ ಪುಸ್ತಕಗಳನ್ನೇ ಓದಿ, ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ನಾನೂ ಲೈಸೆನ್ಸ್ ತೆಗೆದುಕೊಂಡೆ. ಗಂಡನ ಮೇಲಿನ ಅನುಮಾನಕ್ಕೆ ಸರ್ಕಾರದ ಪರವಾನಗಿ ಪಡೆದ ಹೆಂಗಸು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಹಾಗೆ ಈ ಚೌಕದ ವಿದ್ಯೆ ನನಗೂ ಹತ್ತಿತು. ತಟ್ಟೆಯಲ್ಲಿ ಕೊಬ್ಬರಿಮಿಠಾಯಿ ಸುರಿದು ಕೊಯ್ಯುತ್ತೇವಲ್ಲ, ಹಾಗೆ ಭೂಮಿಯನ್ನು ಕೊಯ್ದಿದ್ದಾರೆ. ದೊಡ್ಡ ತುಂಡಿಗೆ ಎರಡು ಅಕ್ಷರ, ಅದರೊಳಗಿನ ತುಂಡಿಗೆ ಎರಡು ಅಂಕಿ, ಅದನ್ನೂ ಕೊಯ್ದರೆ ಮತ್ತೆರಡು ಅಕ್ಷರ. ಅಕ್ಷರ ತಪ್ಪು ಕೇಳಿಸಬಾರದೆಂದು ಗಾಳಿಯಲ್ಲಿ ಎಂ ಅನ್ನು ಮೈಕ್, ಕೆ ಅನ್ನು ಕಿಲೋ, ಆರ್ ಅನ್ನು ರೋಮಿಯೋ ಎನ್ನುತ್ತಾರೆ. ಆರೇ ಆರು ಗುರುತು ಹೇಳಿದರೆ ಸಾಕು, ಜಪಾನಿನಲ್ಲಿ ಕೂತವನಿಗೂ ನಾವು ಎಲ್ಲಿದ್ದೇವೆಂದು ತಿಳಿಯುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಊರು ಬೀಳುವುದು ಎಂಕೆ ಎಂಟು ಎರಡರಲ್ಲಿ. ನಾಲ್ಕು ತಾಲ್ಲೂಕಿನ ಲೀಡರುಗಳು ನೆಟ್ಟಗೆ ಒಂದೇ ವೇದಿಕೆಯಲ್ಲಿ ಕೂತದ್ದನ್ನು ನಾನು ಕಾಣೆ, ಮಿಠಾಯಿ ತುಂಡಿನಲ್ಲಿ ಮಾತ್ರ ಎಲ್ಲರೂ ಒಟ್ಟಿಗಿದ್ದಾರೆ. ಮಾಗಡಿ ದಾಟಿ ಬಡಗಲಿಗೆ ಹೋದರೆ ಹದಿಮೂರು ಡಿಗ್ರಿ ಅಕ್ಷಾಂಶದ ಗೆರೆ ಸಿಗುತ್ತದೆ. ಅದರಾಚೆಗೆ ಎಂಕೆ ಎಂಟು ಮೂರು.

ದೇಶವಿದೇಶದ ಹ್ಯಾಮುಗಳು ಈ ಚೌಕಗಳನ್ನು ಒಂದೊಂದಾಗಿ ಕೂಡಿಸುತ್ತಾರೆ. ಇಂಥ ಚೌಕದವನ ಜೊತೆ ಮಾತಾಡಿದೆ ಅಂದರೆ ಆ ಚೌಕ ಅವನ ಖಾತೆಗೆ ಬಂತು. ಅವರಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಸರಿಯಾಗಿ ಗೆರೆಯ ಮೇಲೆಯೇ ನಿಂತು ಮಾತಾಡಿದರೆ, ಕೇಳಿಸಿಕೊಂಡವನಿಗೆ ಒಂದೇ ಮಾತಿಗೆ ಎರಡು ಚೌಕ ದಕ್ಕುತ್ತದೆ. ಗೆರೆ ಅಂದರೆ ಗೆರೆಯೇ, ಹತ್ತು ಮಾರು ಆಚೀಚೆ ಆದರೂ ಮೋಸ. ಆ ವಿಷಯದಲ್ಲಿ ನಮ್ಮ ಯಜಮಾನರು ಮಹಾ ಮಡಿವಂತರು. ದೇವರ ಮನೆಗೆ ಸ್ನಾನ ಮಾಡದೆ ನುಗ್ಗುತ್ತಿದ್ದರು, ಆದರೆ ಚೌಕ ಒಂದಕ್ಷರ ತಪ್ಪಬಾರದು. ಒಮ್ಮೆ ಕಬ್ಬಾಳಮ್ಮನಿಗೆ ಹರಕೆ ತೀರಿಸಲು ಹೋದಾಗ ಬೆಟ್ಟದ ಮೇಲೆ ಕೂತು ಕೊನೆಯ ಅಕ್ಷರ ತಪ್ಪು ಹೇಳಿಬಿಟ್ಟರಂತೆ. ಮನೆಗೆ ಬಂದವರೇ, ಮಾತಾಡಿದ ಪ್ರತಿಯೊಬ್ಬರಿಗೂ ಕಾರ್ಡು ಬರೆದು ಕ್ಷಮೆ ಕೇಳಿದರು. ಹರಕೆಗೆ ಹಾಕಬೇಕಾದ ಹುಂಡಿ ಕಾಸು ಮಾತ್ರ ಜೇಬಿನಲ್ಲೇ ಉಳಿದಿತ್ತು, ಅದಕ್ಕೆ ಅಮ್ಮನಿಗೊಂದು ಕಾರ್ಡಿಲ್ಲ.

ಇಂಥವರಿಗೆ ಆ ಹದಿಮೂರರ ಗೆರೆ ಎಲ್ಲಿ ಸಿಗಬೇಕು ಹೇಳಿ? ನನ್ನ ತವರಿನಲ್ಲಿ, ಅದೂ ನಮ್ಮವ್ವನ ಸೊಪ್ಪಿನ ತೋಟದ ನಟ್ಟನಡುವೆ.

ತವರು ತಿಪ್ಪಸಂದ್ರದ ಕಡೆ. ಅಪ್ಪ ತೀರಿಕೊಂಡಾಗ ನಮ್ಮವ್ವನಿಗೆ ಉಳಿದದ್ದು ಒಂದು ಬಾವಿ, ಅದರ ಸುತ್ತಲಿನ ಒಂದಿಷ್ಟು ನೆಲ. ತಾನೇ ಕಡ್ಡಿ ನೆಟ್ಟು ಹಿಪ್ಪುನೇರಳೆ ಬೆಳೆಸಿ, ಹುಳ ಸಾಕಿ, ಗೂಡು ಮಾಡಿ ನಮ್ಮಿಬ್ಬರನ್ನೂ ದಡ ಹತ್ತಿಸಿದಳು. ನನ್ನ ತಮ್ಮ ಊರಲ್ಲೇ ಇದ್ದ. ಅವನ ಹೆಂಡತಿಗೂ ಅವ್ವನಿಗೂ ಹಾವು ಮುಂಗುಸಿಯೇನಲ್ಲ, ಆದರೆ ಒಂದು ಲೋಟ ಕಾಫಿಗೆ ಕೈಯೊಡ್ಡಿ ಕಾಯುವ ಜಾತಿಯವಳಲ್ಲ ನಮ್ಮವ್ವ. "ಸೊಪ್ಪು ಇರೋಗಂಟ ನಾನು ಯಾರ ಹಂಗ್ನಾಗೂ ಇಲ್ಲ ಕಣವ್ವ" ಅನ್ನುತ್ತಿದ್ದಳು. ಆ ತೋಟ ಹೋದರೆ ನಮ್ಮವ್ವ ಸೊಸೆಯ ಅಡುಗೆಮನೆ ಬಾಗಿಲಲ್ಲಿ ಕೂರುವ ಮುದುಕಿ ಆಗುತ್ತಾಳೆ, ಅಷ್ಟೇ.

ಫ್ಯಾಕ್ಟರಿಯ ಬೋನಸ್ ಬಂದ ವರ್ಷ ನನಗೆ ಸೀರೆ ಬರಲಿಲ್ಲ, ಇವರಿಗೆ ಜಿಪಿಎಸ್ ಯಂತ್ರ ಬಂತು. ಅಂಗೈಯಗಲದ್ದು, ಆಕಾಶದ ಉಪಗ್ರಹಗಳನ್ನು ಕೇಳಿ ನಾವು ನಿಂತ ಜಾಗದ ಅಕ್ಷಾಂಶ ರೇಖಾಂಶ ತೋರಿಸುತ್ತಿತ್ತು. ಒಂದು ಭಾನುವಾರ ತವರಿಗೆ ಹೋದೆವು. ಇವರು ಕಾಲಿನ ಧೂಳು ಕೊಡವದೆ ಯಂತ್ರ ಹಿಡಿದು ತೋಟಕ್ಕೆ ಇಳಿದರು. ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಬಗ್ಗಿ ನೋಡು, ಎದ್ದು ನೋಡು. ಬದುವಿನ ಮೇಲೆ ಊರಿನ ನಾಲ್ಕೈದು ಜನ ಬೀಡಿ ಹಚ್ಚಿಕೊಂಡು ಕೂತು ನೋಡುತ್ತಿದ್ದರು. ಅವ್ವ ಸೊಪ್ಪು ಕೊಯ್ಯುತ್ತಲೇ, "ಏನ್ ಹುಡುಕ್ತಾ ಇದ್ದೀರಿ ಅಳಿಮಯ್ಯ?" ಎಂದಳು.

"ಗೆರೆ ಅತ್ತೆ."

"ಸಿಕ್ತಾ?"

"ಸಿಕ್ತು ಅತ್ತೆ, ಸರಿಯಾಗಿ ಇಲ್ಲೇ ಐತೆ!"

"ಸರಿ, ಹಂಗಾರೆ ಕೈ ತೊಳ್ಕಳಿ, ಮುದ್ದೆ ಆರೋಯ್ತದೆ."

ಊಟ ಆದಮೇಲೆ ಸುಮ್ಮನಿರಬಹುದಿತ್ತಲ್ಲ? ಬಾವಿಯ ಪಕ್ಕ ಬಿದ್ದಿದ್ದ ಒಂದು ಚಪ್ಪಡಿ ಕಲ್ಲನ್ನು ಉರುಳಿಸಿಕೊಂಡು ಹೋಗಿ ಅಲ್ಲಿ ನೆಟ್ಟರು. ಅದಕ್ಕೆ ಬಿಳಿ ಬಣ್ಣ. ತೆಂಕಣ ಮುಖದ ಮೇಲೆ ಕೆಂಪಕ್ಷರದಲ್ಲಿ ಎಂಕೆ ಎಂಟು ಎರಡು, ಬಡಗಣ ಮುಖದ ಮೇಲೆ ಎಂಕೆ ಎಂಟು ಮೂರು. ಆಮೇಲೆ ಹ್ಯಾಮುಗಳ ದನಿ ದೇಶ ದಾಟಿಸುವ ಉಪಗ್ರಹ ತಲೆಯ ಮೇಲೆ ಬರುವ ಹೊತ್ತಿಗೆ ಮೀನಿನ ಮುಳ್ಳಿನಂಥ ಆಂಟೆನಾ ಕೈಯಲ್ಲಿ ಹಿಡಿದು, ಆಕಾಶಕ್ಕೆ ಗುರಿಯಿಟ್ಟು, ಕಲ್ಲಿನ ಪಕ್ಕ ನಿಧಾನಕ್ಕೆ ತಿರುಗುತ್ತ ಕೂಗಾಡಿದರು. ಹಿಂದಿನ ಜನ್ಮದ ಪುಣ್ಯವೆಲ್ಲ ಅವತ್ತೇ ಬಂದಂತೆ ಮುಖ ಅರಳಿತ್ತು. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆಯಾದರೂ ಅತ್ತೆಯ ಮೇಲೆ ಪ್ರೀತಿ ಉಕ್ಕಿ ತಿಪ್ಪಸಂದ್ರದ ಬಸ್ಸು ಹತ್ತುತ್ತಿದ್ದರು. ಮಾತಾಡಿದ್ದಕ್ಕೆ ಗುರುತಾಗಿ ವಿದೇಶದವರು ಕಳಿಸುವ ಕಾರ್ಡು ತಂದು ತಂದು ಅಂಚೆಯವನು ಸುಸ್ತಾದ.

ಮಳೆಗಾಲದ ಶುರುವಿನಲ್ಲಿ ನಾನೊಬ್ಬಳೇ ಊರಿಗೆ ಹೋದಾಗ ಪಕ್ಕದ ಹೊಲದ ದೊಡ್ಡಪ್ಪ ಬರೀ ಬಂಡೆ ಇರುವ ತನ್ನ ಬೀಳಿನಲ್ಲಿ ಸಾಲಾಗಿ ಮಾವಿನ ಸಸಿ ನೆಡುತ್ತಿದ್ದರು. ಗುಂಡಿ ಒಂದು ಗೇಣು ಆಳವೂ ಇಲ್ಲ.

"ಏನ್ ದೊಡ್ಡಪ್ಪ, ಬಂಡೆ ಮೇಲೆ ತೋಪು ಮಾಡ್ತೀರಾ?" ಎಂದೆ.

"ಸುಮ್ಕಿರವ್ವ," ಎಂದು ಕಣ್ಣು ಮಿಟುಕಿಸಿದರು. "ನಿನ್ ಗಂಡನ್ ಫ್ಯಾಕ್ಟ್ರಿಯೋರು ಬಂದ್ ಅಳೆಯೋವತ್ಗೆ ಮರ ಅಂತ ಒಸಿ ಕಾಣ್ಬೇಕಲ್ಲ. ಬೀಳಿಗೊಂದ್ ರೇಟು, ತೋಪಿಗೊಂದ್ ರೇಟು. ನಿಂಗೊತ್ತಿಲ್ವಾ, ಕಳ್ಳಿ!"

 ಮನೆಗೆ ಓಡಿದೆ. ಜಗುಲಿಯಲ್ಲಿ ತಮ್ಮ ಕೂತಿದ್ದ, ಅವನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಬ್ಬ ಮನುಷ್ಯ, ಎರಡು ಮೊಬೈಲು, ಮುಂಗೈಗೆ ಚಿನ್ನದ ಸರಪಣಿ. ಹಣೆಯ ಮೇಲೆ ಬರೆದುಕೊಳ್ಳಬೇಕಾಗಿರಲಿಲ್ಲ, ಲ್ಯಾಂಡ್ ಬ್ರೋಕರ್ ಎಂದು.

"ಅಕ್ಕ, ಭಾವ ಮೊದಲೇ ಒಂದ್ ಮಾತು ಹೇಳ್ಬಾರ್ದಿತ್ತಾ?" ತಮ್ಮ ಮುನಿಸಿಕೊಂಡೇ ಶುರು ಮಾಡಿದ. "ಮಿಷಿನ್ ಹಿಡ್ಕಂಡು ಅಳೆದಿದ್ದಾಯ್ತು, ಕಲ್ಲು ನೆಟ್ಟಿದ್ದಾಯ್ತು, ಮೇಲಕ್ ಸಿಗ್ನಲ್ ಕೊಟ್ಟಿದ್ದೂ ಆಯ್ತು. ಇಡೀ ಊರಿಗೇ ಗೊತ್ತೈತೆ, ಬಿಡದಿ ಫ್ಯಾಕ್ಟ್ರಿಯೋರು ಎರಡ್ನೇದು ಇಲ್ಲೇ ಮಾಡ್ತಾವ್ರೆ ಅಂತ. ಒಂದ್ ಕಡೆ ಎಂಬತ್ತೆರಡ್ ಎಕರೆ, ಇನ್ನೊಂದ್ ಕಡೆ ಎಂಬತ್ಮೂರು."

"ಥೂ, ನಿನ್ ತಲೆ! ಅದು ರೇಡಿಯೋ ಕಣೋ!"

ಬ್ರೋಕರ್ ನಗುತ್ತ ಅವ್ವನ ಕಡೆ ತಿರುಗಿದ. "ಅವ್ರು ಹಂಗೇ ಹೇಳ್ಬೇಕು ಬುಡಿ ಅವ್ವ, ಒಳಗಿನ್ ವಿಷ್ಯ. ಆದ್ರೆ ಸರ್ಕಾರ್ದಿಂದ ನೋಟಿಫಿಕೇಶನ್ ಆದ್ಮೇಲೆ ನಿಮ್ ಕೈಗೇನೂ ಹತ್ತಲ್ಲ. ಕಛೇರಿ ಅಲೆದೂ ಅಲೆದೂ ಚಪ್ಲಿ ಸವೀತದೆ. ಈಗ್ಲೇ ನಮ್ಗೆ ಅಗ್ರಿಮೆಂಟ್ ಹಾಕ್ಕೊಡಿ. ಶುಕ್ರವಾರ ಮಾಗಡಿಗೆ ಬಂದ್ ಒಂದು ಹೆಬ್ಬೆಟ್ಟು ಒತ್ತಿ, ಮುಗೀತು."

ತಮ್ಮನ ಕಣ್ಣಲ್ಲಿ ಆಗಲೇ ಒಂದು ಮಿನಿಬಸ್ಸು ಓಡಾಡುತ್ತಿತ್ತು. ಬಿಡದಿಗೆ ಕೆಲಸಗಾರರನ್ನು ಹೊಡೆಯುವ ಗಾಡಿ, ಮುಂದಿನ ಗಾಜಿನ ಮೇಲೆ ಮಕ್ಕಳ ಹೆಸರು. ಅವನನ್ನು ಪೂರ್ತಿ ಬೈಯಲೂ ಆಗದು, ಅವನಿಗೂ ಇಬ್ಬರು ಮಕ್ಕಳು. ಅವ್ವ ಮಾತ್ರ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಯ ಮೇಲೆ ಹಣ್ಣಾದ ಹುಳಗಳನ್ನು ಒಂದೊಂದಾಗಿ ಬಿಡುತ್ತಿದ್ದಳು, ತಲೆ ಎತ್ತಲಿಲ್ಲ. ಬ್ರೋಕರ್ ಹೋದಮೇಲೆ ನಾನು ಅವಳ ಪಕ್ಕ ಕೂತು ಮಿಠಾಯಿ, ಚೌಕ, ಜಪಾನು ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು ನನ್ನ ಕೈ ತಟ್ಟಿದಳು.

"ನಿಂಗೆ ಹೇಳಂಗಿಲ್ಲ ಅಂತ ಗೊತ್ತು ಬುಡವ್ವ. ಅಳಿಮಯ್ಯ ಅನ್ನ ತಿನ್ನೋ ಜಾಗ ಅದು. ಒಳಗಿಂದು ಹೊರಗೆ ಹೇಳುದ್ರೆ ಅವರ ಕೆಲಸ ಹೋಯ್ತದೆ. ಬಿಡದಿ ಕಡೆ ನಿಮ್ ಚಿಕ್ಕವ್ವಂದು ಹೋಗ್ನಿಲ್ವಾ, ಯಾರ್ ತಡೆದ್ರು? ನಂದೂ ಹೋಯ್ತದೆ."

ಅಳಿಯನ ಕೆಲಸ ಉಳಿಯಲಿ ಎಂದು ತನ್ನ ತೋಟ ಬಿಡಲು ತಯಾರಾಗಿದ್ದಳು ಪುಣ್ಯಾತ್ಗಿತ್ತಿ. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಆ ಕಲ್ಲಿನ ಮೇಲೆ ಸಿಟ್ಟು ಬಂತು.

ಮಾರನೆಯ ದಿನವೇ ಇವರನ್ನು ರಜೆ ಹಾಕಿಸಿ ಎಳೆದು ತಂದೆ. ಊರವರನ್ನೆಲ್ಲ ತೋಟದಲ್ಲಿ ಸೇರಿಸಿದ್ದಾಯಿತು. ಇವರು ಗಂಟಲು ಸರಿಮಾಡಿಕೊಂಡು, ಇದು ಕಂಪನಿಯ ಕಲ್ಲಲ್ಲ, ಭೂಮಿಯ ಮೇಲಿನ ಒಂದು ಗೆರೆಯ ಗುರುತು ಎಂದು ಶುರು ಮಾಡಿದರು.

"ಎಲ್ಲೈತೆ ಗೆರೆ?" ದೊಡ್ಡಪ್ಪ ಕೇಳಿದರು.

"ಕಾಣಲ್ಲ, ಅದು ಲೆಕ್ಕದ ಗೆರೆ."

"ಕಾಣ್ದೇ ಇರೋದಕ್ಕೆ ಕಲ್ಯಾಕಪ್ಪ ನೆಟ್ಟೆ?"

  ಕೊನೆಗೆ ಇವರು, ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ತೋರಿಸಿಯೇಬಿಡುತ್ತೇನೆ ಎಂದು ರೇಡಿಯೋ ಹೊರತೆಗೆದರು. ಹತ್ತು ಗಂಟೆಯ ಸುಮಾರಿಗೆ ಉಪಗ್ರಹ ಬರುವುದಿತ್ತು. ಜನ ಉಸಿರು ಬಿಗಿಹಿಡಿದು ಕೂತರು. ಇವರು ಮೀನಿನ ಮುಳ್ಳು ಎತ್ತಿ ಕೂಗಿದರು. ಒಂದಿಷ್ಟು ಗೊರಗೊರ, ಆಮೇಲೆ ಸ್ಪಷ್ಟವಾಗಿ, ಮೂಗಿನಲ್ಲಿ ಹಾಡಿದಂಥ ಇಂಗ್ಲಿಷಿನಲ್ಲಿ ಯಾವನೋ ಥಾಯ್ಲೆಂಡಿನವನು ಉತ್ತರಿಸಿದ: "ಮೈಕ್ ಕಿಲೋ ಎಯ್ಟ್ ಟೂ ಅಂಡ್ ಎಯ್ಟ್ ತ್ರೀ, ಐ ಟೇಕ್ ಬೋತ್, ಥ್ಯಾಂಕ್ಯೂ ಸರ್!"

 ಇಂಗ್ಲಿಷ್ ಬಲ್ಲ ಬ್ರೋಕರ್ ಹಿಂದಿನಿಂದ ಕೂಗಿದ.

"ಕೇಳುಸ್ಕಂಡ್ರಾ? ಫಾರಿನ್ನಿನೋನು! ಎಂಬತ್ತೆರಡೂ ತಕ್ಕತೀನಿ, ಎಂಬತ್ಮೂರೂ ತಕ್ಕತೀನಿ ಅಂತಾವ್ನೆ!"

ಬದುವಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಇನ್ನೊಂದಿಷ್ಟು ಸಸಿ ತರಲು ಆಗಲೇ ಎದ್ದು ಹೊರಟಿದ್ದರು. ಆ ಥಾಯ್ಲೆಂಡಿನ ಮಹಾನುಭಾವ ಆವತ್ತು ಎಲ್ಲಾದರೂ ಬಾವಿಗೆ ಬಿದ್ದಿದ್ದರೆ ನಾನು ಕಬ್ಬಾಳಮ್ಮನಿಗೆ ಇನ್ನೊಂದು ಹರಕೆ ತೀರಿಸುತ್ತಿದ್ದೆ. ಅವ್ವ ಮೆಲ್ಲನೆ ಎದ್ದು, "ಶುಕ್ರವಾರ ಬೆಳಿಗ್ಗೆ ಹೊರಡಾನ" ಎಂದು ತಮ್ಮನಿಗೆ ಹೇಳಿ ಒಳಗೆ ಹೋದಳು.

ವಾಪಸ್ ಬರುವ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ತಿರುಗಿ ನೋಡುವ ಹಾಗೆ ಜಗಳವಾಡಿದೆ.

"ಆ ಕಲ್ಲು ಕಿತ್ತು ಬಾವಿಗೆ ಹಾಕಿ."

"ಕಿತ್ರೆ ಮುಚ್ಚಿಡ್ತಾವ್ರೆ ಅಂತಾರೆ ಕಣೇ. ಇನ್ನೂ ಜಾಸ್ತಿ ಆಯ್ತದೆ."

"ಹಂಗಾದ್ರೆ ಬೇರೆ ಎಲ್ಲಾದ್ರೂ ನೆಡಿ. ತಪ್ಪಾಗಿತ್ತು ಅನ್ನಿ. ನಮ್ಮವ್ವನ ತೋಟದಿಂದ ಆಚೆಗೆ ಹೋದ್ರೆ ಸಾಕು."

ಇವರು ನಾನು ಯಾರನ್ನೋ ಕೊಲ್ಲಲು ಹೇಳಿದ ಹಾಗೆ ನೋಡಿದರು. "ಗೆರೆ ಇಲ್ದಿರೋ ಕಡೆ ಕಲ್ಲು ನೆಡು ಅಂತೀಯಲ್ಲ. ನಾಳೆ ಇನ್ಯಾವನೋ ಹ್ಯಾಮು ಅದನ್ನೇ ನಂಬ್ಕೊಂಡು ಅಲ್ಲಿ ನಿಂತ್ರೆ?"

"ಯಾವನ್ ಬಂದ್ ನಿಂತಾನ್ರೀ ಆ ಕೊಂಪೇಲಿ!"

"ನಿಂತ್ರೆ?"

"ನಿಮಗೆ ನಿಮ್ಮ ಗೆರೆ ಹೆಚ್ಚೋ, ನಮ್ಮವ್ವ ಹೆಚ್ಚೋ, ಅದ್ಹೇಳಿ."

ಇವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಮನೆ ಸೇರಿದ ಮೇಲೆ ನಾನು ಅನ್ನ ಬಡಿಸಿದೆ, ಮಾತು ಬಡಿಸಲಿಲ್ಲ. ಇವರು ಶಿಫ್ಟ್ ಮುಗಿಸಿ ಬಂದು ರೇಡಿಯೋ ಕೂಡ ಹಾಕದೆ, ತಾರಸಿಯ ಮೇಲೆ ಯಾವುದೋ ಹಳೆಯ ಭೂಪಟ ಹರವಿಕೊಂಡು ಸ್ಕೇಲು ಹಿಡಿದು ಕೂತಿರುತ್ತಿದ್ದರು. ಮನೆ ಮುಳುಗುತ್ತಿದೆ, ಈ ಮನುಷ್ಯನಿಗೆ ಇನ್ನೂ ಭೂಗೋಳ ಎಂದು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟೆ.

ಗುರುವಾರ ಬೆಳಿಗ್ಗೆ ತಾವಾಗಿಯೇ "ನಡಿ, ಊರಿಗೆ ಹೋಗೋಣ" ಎಂದರು. ಏನು ಎತ್ತ ಹೇಳಲಿಲ್ಲ, ಸಿಟ್ಟಿನಲ್ಲಿ ನಾನೂ ಕೇಳಲಿಲ್ಲ. ಊರಿಗೆ ಹೋದರೆ ತೋಟದಲ್ಲಿ ಬ್ರೋಕರ್ ಆಗಲೇ ಟೇಪು ಹಿಡಿದು ತಮ್ಮನ ಜೊತೆ ಅಳೆಯುತ್ತಿದ್ದ. ಬದುವಿನ ಮೇಲೆ ಎಂದಿನ ಸಭೆ. ಇವರು ಯಾರ ಮುಖವನ್ನೂ ನೋಡದೆ ಕಲ್ಲಿನ ಹತ್ತಿರ ಹೋಗಿ ಯಂತ್ರ ಹಚ್ಚಿದರು, ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ಹಣೆ ಹಣೆ ಚಚ್ಚಿಕೊಂಡರು.

"ಅಯ್ಯೋ, ಎಂಥಾ ಕೆಲಸ ಆಗೋಯ್ತು! ಇಷ್ಟ್ ದಿನ ಹಳೇ ಲೆಕ್ಕದಾಗೆ ಅಳೀತಿದ್ನಲ್ಲಪ್ಪ!"

ಏನು ಎತ್ತ ಎಂದು ಎಲ್ಲರೂ ಸುತ್ತುಗಟ್ಟಿದರು. ಇವರು ವಿವರಿಸಿದರು. ಭೂಮಿ ಅಳೆಯುವುದಕ್ಕೆ ಬ್ರಿಟಿಷರ ಕಾಲದ ಲೆಕ್ಕ ಒಂದಿದೆ, ಈಗಿನ ಉಪಗ್ರಹದ ಲೆಕ್ಕ ಇನ್ನೊಂದಿದೆ. ಯಂತ್ರದಲ್ಲಿ ಎರಡೂ ಇರುತ್ತವೆ, ಹೊಸದನ್ನು ಆರಿಸಬೇಕಿತ್ತು, ನಾನು ಹಳೆಯದನ್ನು ಇಟ್ಟುಬಿಟ್ಟಿದ್ದೆ. ಎರಡರ ನಡುವೆ ಮುಕ್ಕಾಲು ಫರ್ಲಾಂಗು ವ್ಯತ್ಯಾಸ. ನಿಜವಾದ ಗೆರೆ ಇಲ್ಲಿಲ್ಲ, ತೆಂಕಲಿಗೆ ಗುಂಡುತೋಪಿನಲ್ಲಿದೆ.

ಆಶ್ಚರ್ಯ ನೋಡಿ. ಚೌಕ ಅಂದಾಗ ನಗಾಡಿದ ಜನ, ಜಪಾನು ಅಂದಾಗ ಆಕಳಿಸಿದ ಜನ, ಇದನ್ನು ಮಾತ್ರ ಗಕ್ಕನೆ ಹಿಡಿದುಕೊಂಡರು. ಹಳೇ ಸರ್ವೆ, ಹೊಸ ಸರ್ವೆ! ಆ ಊರಲ್ಲಿ ಅದರ ಮೇಲೆ ಕೋರ್ಟಿಗೆ ಹೋಗದ ಮನೆಯೇ ಇರಲಿಲ್ಲ. "ಹೌದೌದು, ಹಳೇ ಸರ್ವೇಲಿ ನಮ್ ಬದಾನೂ ಹಿಂಗೇ ಕೊಂದಾಕ್ಬುಟ್ರು" ಎಂದು ಒಬ್ಬರು, "ಚೈನು ಎಳೆದಿದ್ದೇ ತಪ್ಪು, ನಮ್ ತಾತ ಹೇಳ್ತಿದ್ದ" ಎಂದು ಇನ್ನೊಬ್ಬರು. ಇವರು ಹಾರೆ ತಂದು ಕಲ್ಲನ್ನು ಮೀಟಿ ಎಬ್ಬಿಸಿದರು. ನಾಲ್ಕು ಜನ ಕೈ ಹಾಕಿ ಹೊತ್ತರು. ಯಂತ್ರ ನೋಡುತ್ತ ಇವರು ಮುಂದೆ, ಶವದ ಮೆರವಣಿಗೆಯ ಹಾಗೆ ಕಲ್ಲು ಹಿಂದೆ, ಅದರ ಹಿಂದೆ ಇಡೀ ಊರು. ಗುಂಡುತೋಪು ಊರೊಟ್ಟಿನ ಜಾಗ, ಸರ್ಕಾರದ್ದು, ಯಾರೂ ಮಾರುವಂತಿಲ್ಲ, ಯಾರೂ ಕೊಳ್ಳುವಂತಿಲ್ಲ. ಅಲ್ಲಿ ಒಂದು ಹಳೆಯ ಮಾವಿನ ಮರದ ಕೆಳಗೆ ಕಲ್ಲು ನೆಟ್ಟರು.

ಬ್ರೋಕರ್ ಸ್ವಲ್ಪ ದೂರ ಹೋಗಿ ಒಂದು ಮೊಬೈಲಿನಲ್ಲಿ ಮಾತಾಡಿದ, ಆಮೇಲೆ ಇನ್ನೊಂದರಲ್ಲಿ ಮಾತಾಡಿದ. ತಮ್ಮನ ಹತ್ತಿರ ಬಂದು, ಗೌರ್ಮೆಂಟ್ ಲ್ಯಾಂಡ್ ಸಿಕ್ಕಿದರೆ ಅವರು ನಿಮ್ಮದಕ್ಕೆ ಯಾಕೆ ಕೈಹಾಕುತ್ತಾರೆ, ಶುಕ್ರವಾರದ್ದು ಆಮೇಲೆ ನೋಡೋಣ ಎಂದು ಗಾಡಿ ಹತ್ತಿದ. ಆ ಆಮೇಲೆ ಬರಲೇ ಇಲ್ಲ. ತಮ್ಮ ಒಂದು ವಾರ ಗಡ್ಡ ಬಿಟ್ಟು ಓಡಾಡಿದ. ದೊಡ್ಡಪ್ಪನಂತೂ ನಮ್ಮವರನ್ನು ಕಂಡಾಗೆಲ್ಲ, "ಒಂದ್ ಮಿಷಿನ್ ನೆಟ್ಟಗೆ ಹಚ್ಚಕ್ ಬರ್ದಿರೋನು ಫ್ಯಾಕ್ಟ್ರೀಲಿ ಏನ್ ಕಿಸೀತಿಯಪ್ಪ" ಎಂದು ಕೇಳುತ್ತಿದ್ದರು. ಅವ್ವ ಅವತ್ತು ಮೆರವಣಿಗೆಗೂ ಬಂದಿರಲಿಲ್ಲ. ನಾವು ಹಿಂದಿರುಗಿದಾಗ ಸೊಪ್ಪಿನ ನಡುವೆ ಕೂತಿದ್ದಳು. ಸುದ್ದಿ ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡು, "ಮರಿಹುಳ ಹಸ್ಕಂಡವೆ" ಎಂದು ಎದ್ದಳು. ಕುಕ್ಕೆ ಎತ್ತಿಕೊಂಡು ಹೊರಟಳು.

ಇನ್ನು ಇವರ ಪಾಡು. ಆ ತೋಟದಿಂದ ಮಾತಾಡಿದ ಅಷ್ಟೂ ಜನಕ್ಕೆ ಕಾರ್ಡು ಬರೆದರು, ನನ್ನ ಜಾಗ ತಪ್ಪು, ಎರಡು ಚೌಕದ ಲೆಕ್ಕ ರದ್ದು, ಕ್ಷಮಿಸಿ ಎಂದು. ಗಾಳಿಯಲ್ಲೂ ಹೇಳಿಕೊಂಡರು. ಬೆಂಗಳೂರಿನ ಹ್ಯಾಮುಗಳು ಬಿಡುತ್ತಾರೆಯೇ? "ಏನ್ ಸರ್, ಇಷ್ಟು ವರ್ಷದ ಸರ್ವಿಸ್, ಯಂತ್ರದ ಸೆಟ್ಟಿಂಗ್ ನೋಡೋಕೆ ಬರಲ್ವಾ?" ಎಂದು ಒಬ್ಬ, "ಚೌಕ ಕೊಟ್ಟು ವಾಪಸ್ ಕಿತ್ಕೊಂಡ ಮೊದಲನೇ ಮನುಷ್ಯ" ಎಂದು ಇನ್ನೊಬ್ಬ. ಇವರು "ನನ್ನ ತಪ್ಪು, ನನ್ನ ತಪ್ಪು" ಅನ್ನುತ್ತಿದ್ದರೇ ಹೊರತು ಇನ್ನೊಂದು ಮಾತಿಲ್ಲ. ನಾನೂ ಸುಮ್ಮನಿರಲಿಲ್ಲ. ಮುಕ್ಕಾಲು ಫರ್ಲಾಂಗಿನ ಗಂಡ ಎಂದು ಹೆಸರಿಟ್ಟು ನೆಂಟರ ಮುಂದೆಲ್ಲ ಆಡಿಕೊಂಡು ನಕ್ಕೆ.

ಆರೇಳು ತಿಂಗಳಾದ ಮೇಲೆ ಅವ್ವನಿಗೆ ಜ್ವರ, ಹುಳಕ್ಕೆ ಸೊಪ್ಪು ಹಾಕುವವರಿಲ್ಲ ಎಂದು ನಾನು ಹೋಗಿ ಒಂದು ವಾರ ಇದ್ದೆ. ಹೋಗುವಾಗ ಇವರಿಗೆ ಹೇಳದೆ ಯಂತ್ರ ಎತ್ತಿಕೊಂಡಿದ್ದೆ. ಗುಂಡುತೋಪಿನ ಗೆರೆಯ ಮೇಲೆ ನಿಂತು ನನ್ನ ಸ್ವಂತ ಹೆಸರಲ್ಲಿ ಎರಡು ಚೌಕ ಹಂಚಬೇಕು, ಬೆಂಗಳೂರಿನವರ ಬಾಯಿ ಮುಚ್ಚಿಸಬೇಕು ಎನ್ನುವುದು ನನ್ನ ಹಂಚಿಕೆ. ಅವ್ವನ ಜ್ವರ ಬಿಟ್ಟ ದಿನ ತೋಪಿಗೆ ಹೋದೆ. ಕಲ್ಲಿನ ಪಕ್ಕ ನಿಂತು ನೋಡಿದರೆ ಯಂತ್ರ ಹದಿಮೂರು ತೋರಿಸಲಿಲ್ಲ, ಅದಕ್ಕಿಂತ ಒಂದಿಷ್ಟು ಕಡಿಮೆ ತೋರಿಸಿತು. ಸೆಟ್ಟಿಂಗ್ ನೋಡಿದೆ, ಹೊಸ ಲೆಕ್ಕವೇ ಇತ್ತು. ಯಂತ್ರ ಬಂದ್ ಮಾಡಿ ಮತ್ತೆ ಹಚ್ಚಿದೆ. ಅಷ್ಟೇ ಬಂತು. ಅಂಕಿ ನೋಡುತ್ತ ಬಡಗಲಿಗೆ ನಡೆದೆ. ತೋಪು ದಾಟಿತು, ಓಣಿ ದಾಟಿತು, ನಮ್ಮ ಬದು ಬಂತು. ಸೊಪ್ಪಿನ ಸಾಲಿನೊಳಗೆ ಇಳಿದು, ಕಲ್ಲು ಕಿತ್ತು ಮಣ್ಣು ಮುಚ್ಚಿದ್ದ ಜಾಗಕ್ಕೆ ಬಂದಾಗ ಅಂಕಿ ಸರಿಯಾಗಿ ಹದಿಮೂರಕ್ಕೆ ಬಂದು ನಿಂತಿತು.

ಯಂತ್ರ ತಪ್ಪಿರಲಿಲ್ಲ. ಇವರೂ ತಪ್ಪಿರಲಿಲ್ಲ. ತಾರಸಿಯ ಮೇಲೆ ಸ್ಕೇಲು ಹಿಡಿದು ಕೂತದ್ದು ಯಾಕೆಂದು ಈಗ ಗೊತ್ತಾಯಿತು. ಹಳೆಯ ಲೆಕ್ಕಕ್ಕೂ ಹೊಸದಕ್ಕೂ ಮುಕ್ಕಾಲು ಫರ್ಲಾಂಗು ಅನ್ನುವುದು ನಿಜ, ಗುಂಡುತೋಪು ಅಷ್ಟೇ ದೂರ ಅನ್ನುವುದೂ ನಿಜ. ಆ ಮಡಿವಂತರು ತಮ್ಮ ಜೀವಮಾನದ ಒಂದೇ ಒಂದು ಸುಳ್ಳನ್ನೂ ಅಳತೆ ಮಾಡಿಯೇ ಹೇಳಿದ್ದರು. ಊರವರಿಗೆ ಹೇಳಿದರು, ಥಾಯ್ಲೆಂಡಿಗೂ ಜಪಾನಿಗೂ ಹೇಳಿದರು, ಬೆಂಗಳೂರಿನವರ ಕೈಯಲ್ಲಿ ಉಗಿಸಿಕೊಂಡರು, ನನ್ನ ಕೈಯಲ್ಲೂ ಉಗಿಸಿಕೊಂಡರು, ಒಂದು ಸಲವೂ ಬಾಯಿ ಬಿಡಲಿಲ್ಲ. ಕೊತ್ತಂಬರಿ ಸೊಪ್ಪು ತರಲು ನೆನಪಿಲ್ಲದ ಆ ಮನುಷ್ಯನ ಮೇಲೆ ನನಗೆ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ? ಸೊಪ್ಪಿನ ನಡುವೆ ನಿಂತು ಹುಚ್ಚಿಯ ಹಾಗೆ ಅತ್ತೆ.

ಅಷ್ಟರಲ್ಲಿ ಅವ್ವ ಕಂಬಳಿ ಹೊದ್ದುಕೊಂಡು, ಬದುವಿನ ಮೇಲೆ ನಿಧಾನಕ್ಕೆ ಕಾಲಿಡುತ್ತ ಬಂದಳು. ಅವಳ ಹಿಂದೆಯೇ ತಮ್ಮನೂ ಇದ್ದ.

"ಏನೇ ಅದು, ಅಳಿಮಯ್ಯನ್ ಮಿಷಿನ್ ನೀನ್ಯಾಕ್ ತಂದೆ? ಆ ಗೆರೆ ಎಲ್ಲೈತಂತೆ?"

"ಅಲ್ಲೇ ಕಣವ್ವ, ಗುಂಡುತೋಪಲ್ಲಿ" ಎಂದೆ. ಗೆರೆ ಆಗ ನನ್ನ ಎರಡು ಪಾದಗಳ ನಡುವೆ ಹಾದುಹೋಗುತ್ತಿತ್ತು.